ಮಾಳಿಗೆ ಮನೆಯವರು ಭೂಕಂಪಕ್ಕೆ ಸಿದ್ಧರಾಗುವುದು ಹೇಗೆ?

ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಭೂಕಂಪದ ಮಾತೆತ್ತಿದರೆ ‘ನಮ್ಮದು ಬಂಡೆಗಲ್ಲಿನ ನೆಲ, ಇಲ್ಲಿ ಏನೂ ಆಗುವುದಿಲ್ಲ’ ಎಂಬ ಉತ್ತರ ತಕ್ಷಣ ಬರುತ್ತದೆ. ಅದರಲ್ಲಿ ಅರ್ಧ ನಿಜವಿದೆ. ನಮ್ಮ ಕಾಲ ಕೆಳಗಿನ ಗ್ರಾನೈಟ್ ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಳೆಯದು; 2002ರ ಭೂಕಂಪ ವಲಯ ನಕ್ಷೆಯೂ ಈ ಮೂರು ಜಿಲ್ಲೆಗಳನ್ನು ಕಡಿಮೆ ಅಪಾಯದ ಎರಡನೇ ವಲಯದಲ್ಲಿಯೇ ಇಟ್ಟಿದೆ. ಆದರೆ 1843ರ ಏಪ್ರಿಲ್ 1ರಂದು ಬಳ್ಳಾರಿ ಸೀಮೆಯಲ್ಲಿ ನೆಲ ನಡುಗಿದ್ದು ಭೂಕಂಪಗಳ ಪಟ್ಟಿಗಳಲ್ಲಿ ದಾಖಲಾಗಿದೆ. ರಾಯಚೂರಿನಿಂದ ನೇರ ದಾರಿಯಲ್ಲಿ ಇನ್ನೂರು ಕಿಲೋಮೀಟರಿಗಿಂತ ಸ್ವಲ್ಪ ದೂರದಲ್ಲಿರುವ ಲಾತೂರ್ ಜಿಲ್ಲೆಯ ಕಿಲ್ಲಾರಿಯಂತೂ ಆಗಿನ ನಕ್ಷೆಯಲ್ಲಿ ಎಲ್ಲಕ್ಕಿಂತ ಸುರಕ್ಷಿತವಾದ ಒಂದನೇ ವಲಯದಲ್ಲಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಅಲ್ಲಿ 6.2 ತೀವ್ರತೆಯ ಕಂಪನವಾಗಿ ಸುಮಾರು ಹತ್ತು ಸಾವಿರ ಜನ ಸತ್ತರು.

ಅಷ್ಟು ಜನರನ್ನು ಕೊಂದದ್ದು ನೆಲವಲ್ಲ, ಅವರು ಮಲಗಿದ್ದ ಮನೆ. ಮಣ್ಣಿನ ಗಾರೆಯಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಅದರ ಮೇಲೆ ಮಾಳಿಗೆ, ಅಂದರೆ ಅಡಿಗಟ್ಟಲೆ ಮಣ್ಣು ಹಾಕಿದ ಚಪ್ಪಟೆ ಛಾವಣಿ. ಸಿಂಧನೂರು, ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾ, ಸಿರುಗುಪ್ಪ ತಾಲ್ಲೂಕುಗಳ ಹಳೆಯ ಊರುಗಳಲ್ಲಿ ನಡೆದಾಡಿದವರಿಗೆ ಈ ವರ್ಣನೆ ಪರಿಚಿತವೇ. ಆದ್ದರಿಂದ ನಮ್ಮ ಸಿದ್ಧತೆ ತಲೆಯ ಮೇಲಿನ ಭಾರದಿಂದಲೇ ಆರಂಭವಾಗಬೇಕು.

ಮೊದಲ ಕೆಲಸ: ಮಾಳಿಗೆಯ ಭಾರ ಇಳಿಸುವುದು

ಪ್ರತಿ ಮುಂಗಾರಿಗೆ ಮುಂಚೆ ಸೋರಿಕೆ ತಡೆಯಲು ಮಾಳಿಗೆಗೆ ಸವಳು ಮಣ್ಣು ಹಾಕುವುದು ನಮ್ಮ ಕಡೆಯ ರೂಢಿ. ಹಳೆಯದನ್ನು ಕೆರೆಯದೆ ಅದರ ಮೇಲೆಯೇ ಹೊಸದನ್ನು ಹಾಕುತ್ತ ಹೋದರೆ ಎರಡು ತಲೆಮಾರಿನಲ್ಲಿ ದಪ್ಪ ಎಷ್ಟಾಗುತ್ತದೆಂದು ಯಾರೂ ಅಳೆಯುವುದಿಲ್ಲ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಒಂದು ಕೋಣೆಯ ಮೇಲೆ ಒಂದು ಅಡಿ ಮಣ್ಣಿದೆಯೆಂದುಕೊಳ್ಳಿ. ಅದು 120 ಘನ ಅಡಿಯಾಗುತ್ತದೆ, ಒಣಗಿದ್ದರೂ ಸುಮಾರು ಐದು ಟನ್ ತೂಗುತ್ತದೆ, ಮಳೆ ಕುಡಿದಾಗ ಇನ್ನೂ ಹೆಚ್ಚು. ನೆಲ ಅಡ್ಡಡ್ಡ ಅಲುಗಿದಾಗ ಗೋಡೆಯನ್ನು ಪಕ್ಕಕ್ಕೆ ತಳ್ಳುವುದು ಈ ತೂಕವೇ.

ಬೆಳಕಿಂಡಿಯ ಅಂಚಿನಲ್ಲಿ ಮಣ್ಣಿನ ದಪ್ಪವನ್ನು ಅಳೆಯುವುದು ಸುಲಭ. ಹೆಚ್ಚಾಗಿದ್ದರೆ ಬೇಸಿಗೆಯಲ್ಲಿ, ಒಳಗಿನಿಂದ ತೊಲೆಗಳಿಗೆ ಆನಿಕೆ ಕೊಟ್ಟ ಮೇಲೆ, ಎರಡೂ ಬದಿಯಿಂದ ಸಮನಾಗಿ ಕೆರೆಸಬೇಕು. ಒಂದೇ ಬದಿಯಿಂದ ತೆಗೆದರೆ ಭಾರ ಓರೆಯಾಗಿ ಕೆಲಸದವರ ಮೇಲೆಯೇ ಕುಸಿಯುವ ಅಪಾಯವಿದೆ. ಮಣ್ಣು ತೆಗೆದಾಗ ಜಂತಿಗಳಿಗೆ ಗೆದ್ದಲು ಹಿಡಿದಿದೆಯೇ ಎಂದು ಚೂಪಾದ ಕಬ್ಬಿಣದಿಂದ ಚುಚ್ಚಿ ನೋಡಿ, ಟೊಳ್ಳಾದವನ್ನು ಬದಲಿಸಿ, ಜಲನಿರೋಧಕ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ತೆಳುವಾದ ಮಣ್ಣಿನ ಪದರವನ್ನಷ್ಟೇ ಹಾಕಿದರೆ ಸೋರಿಕೆಯೂ ನಿಲ್ಲುತ್ತದೆ, ಮನೆಯೊಳಗಿನ ತಂಪೂ ಪೂರ್ತಿ ಹೋಗುವುದಿಲ್ಲ. ರಾಯಚೂರಿನ ಬೇಸಿಗೆಯಲ್ಲಿ ತಗಡಿನ ಮನೆಗೆ ಹೋಗಿ ಎಂದು ಹೇಳುವುದು ಸುಲಭ, ಅದರೊಳಗೆ ಬಾಳುವುದು ಕಷ್ಟ. ಆ ಕಾರಣಕ್ಕೇ ಮಾಳಿಗೆಯನ್ನು ಕಿತ್ತೊಗೆಯಿರಿ ಎಂದು ಈ ಲೇಖನ ಹೇಳುತ್ತಿಲ್ಲ. ಕೊನೆಯಲ್ಲಿ, ತೊಲೆ ಮತ್ತು ಕಂಬ ಸೇರುವಲ್ಲಿ ಕಬ್ಬಿಣದ ಪಟ್ಟಿ ಬಡಿದು ಬಿಗಿದರೆ ಅಲುಗಾಟದಲ್ಲಿ ತೊಲೆ ಜಾರಿ ಬೀಳುವ ಸಂಭವ ಕಡಿಮೆಯಾಗುತ್ತದೆ.

ಎರಡನೆಯದು: ಗೋಡೆಯನ್ನು ಕಟ್ಟಿಹಾಕುವುದು

ಹಳೆಯ ಕಲ್ಲುಗೋಡೆ ಹೊರಗಿನಿಂದ ಒಂದೇ ಗೋಡೆಯಂತೆ ಕಂಡರೂ ಒಳಗೆ ಎರಡು ಗೋಡೆಗಳಿರುತ್ತವೆ: ಹೊರಮೈಗೆ ಒಂದು ಸಾಲು, ಒಳಮೈಗೆ ಒಂದು ಸಾಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ಕಂಪನದಲ್ಲಿ ಈ ಎರಡು ಸಾಲುಗಳು ಬೇರೆಯಾಗಿ, ಹೊಟ್ಟೆ ಉಬ್ಬಿ, ಕುಸಿಯುತ್ತವೆ. ಗೋಡೆಯ ಪೂರ್ತಿ ದಪ್ಪಕ್ಕೆ ಹಾಯುವ ಉದ್ದಗಲ್ಲುಗಳನ್ನು ಎತ್ತರದಲ್ಲಿ ಪ್ರತಿ ಎರಡು ಅಡಿಗೆ, ಅಡ್ಡಕ್ಕೆ ನಾಲ್ಕು ಅಡಿಗೊಂದರಂತೆ ಇಡಬೇಕೆಂಬುದು ಭಾರತೀಯ ಮಾನಕ ಬ್ಯೂರೋದ ನಿಯಮ. ಈಗಾಗಲೇ ನಿಂತಿರುವ ಗೋಡೆಯಲ್ಲಿ ಒಂದೊಂದೇ ಕಲ್ಲನ್ನು ಮೆಲ್ಲಗೆ ಬಿಡಿಸಿ, ಆ ತೂತಿನಲ್ಲಿ ಎರಡೂ ತುದಿ ಬಾಗಿಸಿದ ಕಬ್ಬಿಣದ ಸರಳನ್ನಿಟ್ಟು ಕಾಂಕ್ರೀಟ್ ತುಂಬಿದರೆ ಅದೇ ಉದ್ದಗಲ್ಲಿನ ಕೆಲಸ ಮಾಡುತ್ತದೆ. ಇದಕ್ಕೆ ಅನುಭವವಿರುವ ಗೌಂಡಿಯೇ ಬೇಕು. ಒಂದೇ ದಿನ ಅಕ್ಕಪಕ್ಕದ ಹಲವು ಕಲ್ಲುಗಳನ್ನು ಬಿಡಿಸಲು ಬಿಡಬಾರದು.

ಹೊಸ ಮನೆ ಕಟ್ಟುವವರು ಗೌಂಡಿಯ ಮುಂದೆ ಒಂದು ಮಾತಿಗೆ ಪಟ್ಟುಹಿಡಿದು ಕೂರಬೇಕು. ಬಾಗಿಲು, ಕಿಟಕಿಗಳ ಮೇಲೆ ಮಾತ್ರ ತುಂಡು ತುಂಡಾಗಿ ಲಿಂಟಲ್ ಹಾಕಿ ಮುಗಿಸುವುದು ನಮ್ಮಲ್ಲಿ ಸಾಮಾನ್ಯ. ಅದರ ಬದಲು ಅದೇ ಮಟ್ಟದಲ್ಲಿ ಎಲ್ಲ ಗೋಡೆಗಳನ್ನೂ ಸುತ್ತುವರಿದು, ಮೂಲೆಗಳಲ್ಲಿಯೂ ತುಂಡಾಗದಂತೆ ಒಂದೇ ಕಾಂಕ್ರೀಟ್ ಪಟ್ಟಿಯನ್ನು ಓಡಿಸಿದರೆ, ಗಾಡಿಯ ಗಾಲಿಗೆ ಹಾಕಿದ ಕಬ್ಬಿಣದ ಹಳಿಯಂತೆ ಅದು ನಾಲ್ಕು ಗೋಡೆಗಳನ್ನೂ ಹಿಡಿದುಕೊಳ್ಳುತ್ತದೆ. ಬಾಗಿಲು, ಕಿಟಕಿಗಳು ಮೂಲೆಯಿಂದ ಕನಿಷ್ಠ ಎರಡು ಅಡಿ ದೂರವಿರಲಿ. ಎರೆಭೂಮಿಯಲ್ಲಿ ಕಟ್ಟುವವರು ಅಡಿಪಾಯಕ್ಕೆ ಜಿಪುಣತನ ಮಾಡಬಾರದು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಎರೆಮಣ್ಣು ಮೊದಲೇ ಸೀಳಿಟ್ಟ ಗೋಡೆಯನ್ನು ಕೆಡವಲು ಸಣ್ಣ ಕಂಪನವೂ ಸಾಕು.

ಮೂರನೆಯದು: ಮನೆಯೊಳಗೆ

ಇದಕ್ಕೆ ಒಂದು ರವಿವಾರ ಸಾಕು. ನಾಗೊಂದಿಗೆಯ ಮೇಲಿನ ತಾಮ್ರದ ಹಂಡೆ, ಟ್ರಂಕುಗಳನ್ನು ಕೆಳಗಿಳಿಸಿ. ಕಬ್ಬಿಣದ ಅಲ್ಮೇರಾವನ್ನು ಗೋಡೆಗೆ ಮೊಳೆ ಹೊಡೆದು ಬಿಗಿಯಿರಿ. ಮಲಗುವ ಜಾಗ ಉಬ್ಬಿದ ಗೋಡೆಯ ಬುಡದಲ್ಲಿ ಬೇಡ. ತಾರಸಿ ಮನೆಯವರು ಸಾವಿರ ಲೀಟರಿನ ನೀರಿನ ಟ್ಯಾಂಕ್ ಒಂದು ಟನ್ ತೂಗುತ್ತದೆಂಬುದನ್ನು ನೆನೆದು ಅದರ ಕಟ್ಟೆ ಗಟ್ಟಿಯಿದೆಯೇ ನೋಡಬೇಕು. ಗ್ಯಾಸ್ ರೆಗ್ಯುಲೇಟರ್ ಮತ್ತು ವಿದ್ಯುತ್ತಿನ ಮೇನ್ ಸ್ವಿಚ್ ಬಂದ್ ಮಾಡುವುದು ಮನೆಯ ಮಕ್ಕಳಿಗೂ ಅಜ್ಜಿಗೂ ಗೊತ್ತಿರಬೇಕು. ಟಾರ್ಚು, ಚಪ್ಪಲಿ, ನಿತ್ಯದ ಗುಳಿಗೆಗಳು ಹಾಸಿಗೆಯ ಪಕ್ಕದಲ್ಲಿರಲಿ.

ನೆಲ ನಡುಗುವಾಗ

ಬಲವಾದ ಕಂಪನ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮುಗಿಯುತ್ತದೆ. ಕಾಂಕ್ರೀಟ್ ಕಟ್ಟಡದಲ್ಲಿರುವವರು ಕೂಡಲೇ ಮಂಡಿಯೂರಿ, ಗಟ್ಟಿ ಮೇಜು ಅಥವಾ ಮಂಚದ ಕೆಳಗೆ ಸೇರಿ, ಅದರ ಕಾಲನ್ನು ಹಿಡಿದುಕೊಂಡು ತಲೆ ಕಾಯ್ದುಕೊಳ್ಳಬೇಕು. ಮೆಟ್ಟಿಲು, ಲಿಫ್ಟುಗಳತ್ತ ಓಡಬಾರದು. ಹೊಸ್ತಿಲ ಮೇಲೆ ನಿಲ್ಲಬೇಕೆಂಬ ಹಳೆಯ ಸಲಹೆಯನ್ನು ಈಗ ತಜ್ಞರು ಒಪ್ಪುವುದಿಲ್ಲ. ಮಾಳಿಗೆ ಮನೆಯ ಲೆಕ್ಕ ಸ್ವಲ್ಪ ಬೇರೆ: ಹೊರಬಾಗಿಲ ಹತ್ತಿರವೇ ಇದ್ದು, ಮುಂದೆ ತೆರೆದ ಬಯಲಿದ್ದರೆ ಎರಡು ಮೂರು ಹೆಜ್ಜೆಯಲ್ಲಿ ಹೊರಬೀಳುವುದೇ ಮೇಲು. ಆದರೆ ಎರಡೂ ಕಡೆ ಎತ್ತರದ ಕಲ್ಲುಗೋಡೆಗಳಿರುವ ಕಿರಿದಾದ ಓಣಿಗೆ ಓಡಿದರೆ ಅಪಾಯ ಹೆಚ್ಚುತ್ತದೆ. ಅಂಥವರು ಒಳಗೇ ಗಟ್ಟಿ ಮಂಚದ ಕೆಳಗೆ ಸೇರಬೇಕು. ಆನೆಗುಂದಿ, ಕೊಪ್ಪಳ ಕಡೆಯ ಗುಂಡುಬಂಡೆಗಳ ಬೆಟ್ಟದ ಬುಡದಲ್ಲಿರುವವರು ಹೊರಬಂದ ಮೇಲೆ ಬೆಟ್ಟದಿಂದ ದೂರ ಸರಿಯಬೇಕು.

ನಿಂತ ಮೇಲೆ

ಮೇನ್ ಸ್ವಿಚ್ ಮತ್ತು ಗ್ಯಾಸ್ ಬಂದ್ ಮಾಡಿ. ಗ್ಯಾಸ್ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ, ಕಡ್ಡಿ ಗೀರದೆ ಹೊರಗೆ ಬನ್ನಿ. ತುರ್ತು ಸಹಾಯಕ್ಕೆ 112, ಆಂಬುಲೆನ್ಸಿಗೆ 108, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077.

ಆಮೇಲಿನ ದೊಡ್ಡ ಕಾಟ ವದಂತಿಯದು. ಸಂಡೂರಿನ ಗಣಿ ಸೀಮೆಯಲ್ಲಿ, ಕಲ್ಲು ಕ್ವಾರಿಗಳ ಪಕ್ಕದ ಊರುಗಳಲ್ಲಿ ಸ್ಫೋಟದ ಅದುರುವಿಕೆಯನ್ನೂ ಜನ ಭೂಕಂಪವೆಂದು ತಿಳಿಯುವುದುಂಟು. ಸ್ಫೋಟ ಸುತ್ತಲಿನ ಕೆಲವು ಊರುಗಳಿಗಷ್ಟೇ ಒಂದೇ ಬಡಿತದಂತೆ ತಟ್ಟುತ್ತದೆ. ಹೇಳಿಕೊಳ್ಳುವಂಥ ಭೂಕಂಪವಾದರೆ ದೂರದ ತಾಲ್ಲೂಕುಗಳಿಗೂ ಗೊತ್ತಾಗಿ, ರಾಷ್ಟ್ರೀಯ ಭೂಕಂಪಶಾಸ್ತ್ರ ಕೇಂದ್ರದ ಜಾಲತಾಣದಲ್ಲಿ ಅದರ ಹೊತ್ತು, ಆಳ, ತೀವ್ರತೆ ಪ್ರಕಟವಾಗುತ್ತವೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನು ತುಂಡಾದದ್ದಕ್ಕೂ ಭೂಕಂಪಕ್ಕೂ ಸಂಬಂಧವಿರಲಿಲ್ಲ. ಆದರೂ ಆ ನೆನಪಿನಿಂದ ನಾಳೆ ನೆಲ ಸ್ವಲ್ಪ ಅಲುಗಿದರೆ ‘ಡ್ಯಾಮ್ ಒಡೆಯಿತು’ ಎಂಬ ಸಂದೇಶ ಮೊಬೈಲುಗಳಲ್ಲಿ ಹರಿದಾಡುವುದು ಖಂಡಿತ. ನದಿದಂಡೆಯವರು ಜಿಲ್ಲಾಡಳಿತದ ಪ್ರಕಟಣೆಗೆ ಕಿವಿಗೊಡಬೇಕು, ನೋಡಲೆಂದು ಸೇತುವೆಗೆ ಹೋಗಬಾರದು.

ದೊಡ್ಡ ಕಂಪನದ ಹಿಂದೆ ಮರುಕಂಪನಗಳು ದಿನಗಟ್ಟಲೆ ಬರುತ್ತವೆ. ಮನೆಗೆ ಮರಳುವ ಮುನ್ನ ಹಗಲು ಬೆಳಕಿನಲ್ಲಿ ಗೋಡೆಗಳನ್ನು ನೋಡಿ. ಗಿಲಾವಿನ ಮೇಲಿನ ಕೂದಲೆಳೆಯ ಬಿರುಕಿಗೆ ಹೆದರಬೇಕಿಲ್ಲ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಸೀಳು, ಎರಡು ಗೋಡೆಗಳು ಸೇರುವಲ್ಲಿ ಬಾಯ್ಬಿಟ್ಟ ಸಂದು, ಹೊರಕ್ಕೆ ಉಬ್ಬಿದ ಕಲ್ಲುಗಳು ಕಂಡರೆ ಎಂಜಿನಿಯರ್ ಬಂದು ಪರೀಕ್ಷಿಸುವವರೆಗೆ ಒಳಗೆ ಮಲಗಬೇಡಿ. ಅನುಮಾನದ ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಚೂರನ್ನು ಎರಡೂ ತುದಿಗೆ ಸಿಮೆಂಟಿನಿಂದ ಅಂಟಿಸಿ, ಪಕ್ಕದಲ್ಲಿ ತಾರೀಖು ಬರೆದಿಡಿ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಎಂದರ್ಥ.