ದ್ರುತದಲ್ಲಿ ಒಡೆಯುತ್ತಿದ್ದ ದನಿ

ಹೊಸ ಟರ್ನ್‌ಟೇಬಲಿಗೆಂದು, ಅಂದರೆ ಗಾನತಟ್ಟೆ ನುಡಿಸುವ ಯಂತ್ರಕ್ಕೆಂದು, ಎಂಬತ್ತು ಸಾವಿರ ರೂಪಾಯಿ ಎತ್ತಿಟ್ಟಿದ್ದೆ. ಮನೆಯಾಕೆಯ ಲೆಕ್ಕದಲ್ಲಿ ಅದು ಅಡುಗೆಮನೆಯ ಕಟ್ಟೆಗೆ ಗ್ರಾನೈಟ್ ಹಾಕಿಸುವ ಹಣ. ಈ ಎರಡು ಲೆಕ್ಕಗಳು ಎಂದಾದರೊಂದು ದಿನ ಮುಖಾಮುಖಿಯಾಗಲೇಬೇಕಿತ್ತು. ಅದಕ್ಕೂ ಮೊದಲು, ಹೊಸದು ನಿಜವಾಗಿಯೂ ಬೇಕೇ ಎಂದು ನನಗೆ ನಾನೇ ಉತ್ತರ ಹೇಳಿಕೊಳ್ಳಬೇಕಿತ್ತು.

ನನ್ನ ದೂರು ಒಂದೇ. ಧಾರವಾಡದ ಮನೆಯಲ್ಲಿ ತಂದೆಯವರು ಬಿಟ್ಟುಹೋದ ಎಲ್‌ಪಿ ತಟ್ಟೆಗಳಲ್ಲಿ ಮುಕ್ಕಾಲು ಪಾಲು ಹಿಂದೂಸ್ತಾನಿ ಗಾಯನ. ಮಲ್ಲಿಕಾರ್ಜುನ ಮನ್ಸೂರರ ತಟ್ಟೆ ಹಾಕಿದರೆ ನಿಧಾನಗತಿಯ ವಿಲಂಬಿತ ತುಂಬುದನಿಯಲ್ಲಿ, ತಂಬೂರಿಯ ಝೇಂಕಾರದೊಡನೆ ಸೊಗಸಾಗಿ ಸಾಗುತ್ತಿತ್ತು. ಕೊನೆಗೆ ವೇಗಗತಿಯ ದ್ರುತಕ್ಕೆ ಬಂದು ತಾನುಗಳ, ಅಂದರೆ ಬಿರುಸಿನ ಸ್ವರಸಾಲುಗಳ, ಸುರಿಮಳೆ ಶುರುವಾಯಿತೋ, ದನಿಗೆ ಮರಳು ಬೆರೆಸಿದಂತಾಗುತ್ತಿತ್ತು.

ಇದು ಎಲ್‌ಪಿಯ ಹುಟ್ಟುಗುಣವೂ ಹೌದು. ತಟ್ಟೆ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಅಂಚಿನಲ್ಲೂ ಅಷ್ಟೇ, ನಡುವಿನಲ್ಲೂ ಅಷ್ಟೇ. ಆದರೆ ಹೊರ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ದನಿ ಕೆತ್ತಿರುವ ಗೀರು ಸುಮಾರು 50 ಸೆಂಟಿಮೀಟರ್ ಹಾದುಹೋದರೆ, ಲೇಬಲ್ಲಿನ ಹತ್ತಿರ ಹಾದುಹೋಗುವುದು 21 ಸೆಂಟಿಮೀಟರ್ ಮಾತ್ರ. ಒಂದು ಸೆಕೆಂಡಿನ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿರುತ್ತಾರೆ. ಸಿನಿಮಾ ಹಾಡುಗಳ ಎಲ್‌ಪಿಯಾದರೆ ಒಂದು ಮೆಲುದನಿಯ ಹಾಡನ್ನು ಕೊನೆಗೆ ಹಾಕಿ ಪಾರಾಗಬಹುದು. ಒಂದು ಬದಿಗೆ ಒಂದೇ ರಾಗ ಇರುವಲ್ಲಿ ಆ ಅವಕಾಶವಿಲ್ಲ. ತಟ್ಟೆಯ ಅತಿ ದುರ್ಬಲ ಜಾಗಕ್ಕೂ ಗಾಯಕರ ಅತಿ ಬಿರುಸಿನ ಗಳಿಗೆಗೂ ಗಂಟು ಬಿದ್ದಿರುತ್ತದೆ. ಹಾಗಾಗಿ ಟರ್ನ್‌ಟೇಬಲ್‌ಗಳ ಬಗ್ಗೆ ಬರುವ ಹೊಗಳಿಕೆಗಳನ್ನು ಓದುವಾಗ ನನಗೆ ಒಂದೇ ಪ್ರಶ್ನೆ: ಬರೆದವರು ಯಾವ ಸಂಗೀತ ಕೇಳಿ ಬರೆದರು?

ನನ್ನ ಬಳಿ ಇರುವುದು ಸೆಕೆಂಡ್‌ ಹ್ಯಾಂಡ್ ಕೊಂಡ ಜಪಾನಿನ, ಬೆಲ್ಟಿನಿಂದ ತಿರುಗುವ ಟರ್ನ್‌ಟೇಬಲ್. ತೋಳಿನ ತುದಿಯಲ್ಲಿ ಆಡಿಯೋ-ಟೆಕ್ನಿಕಾ ಕಂಪನಿಯ ವಿಎಂ95ಇ ಕಾರ್ಟ್ರಿಜ್, ಅಂದರೆ ಸೂಜಿಯನ್ನು ಹಿಡಿದು ಅದರ ಅಲುಗಾಟವನ್ನು ವಿದ್ಯುತ್ತಾಗಿಸುವ ಚಿಕ್ಕ ಡಬ್ಬಿ. "ಸರ್, ಅದಕ್ಕೆ ವಯಸ್ಸಾಗಿದೆ, ಬದಲಾಯಿಸಿಬಿಡಿ" ಎಂದು ಹುಬ್ಬಳ್ಳಿಯ ಗೆಳೆಯರೊಬ್ಬರು ವರ್ಷದಿಂದ ಹೇಳುತ್ತಿದ್ದರು. ಅವರ ಮನೆಯದು ನಾನು ಕೊಳ್ಳಬೇಕೆಂದಿದ್ದ ಮಾದರಿಯೇ. ಒಂದು ಭಾನುವಾರ ಎರಡು ತಟ್ಟೆಗಳನ್ನು ಚೀಲಕ್ಕೆ ಹಾಕಿಕೊಂಡು ಅವರಲ್ಲಿಗೆ ಹೋದೆ. ಒಂದು ತಂದೆಯವರ ಕಾಲದ್ದು, ಇನ್ನೊಂದು ನಾನೇ ಹೊಸದಾಗಿ ತರಿಸಿದ್ದು. ತಂದೆಯವರ ತಟ್ಟೆ ಅಲ್ಲಿಯೂ ಅದೇ ಜಾಗದಲ್ಲಿ ಒಡೆಯಿತು. ಹೊಸದು ಮಾತ್ರ ಕೊನೆಯವರೆಗೆ ತಿಳಿಯಾಗಿ ಹಾಡಿತು. ನನ್ನಲ್ಲಿ ಎರಡೂ ಒಡೆಯುತ್ತಿದ್ದವು. ಅಂದರೆ ತಂದೆಯವರ ತಟ್ಟೆಯ ಗಾಯ ಗೀರಿನಲ್ಲೇ ಇದೆ, ಎಂಬತ್ತು ಸಾವಿರಕ್ಕೂ ಅದು ವಾಸಿಯಾಗುವುದಿಲ್ಲ. ಹೊಸ ತಟ್ಟೆಯ ತೊಂದರೆ ನನ್ನ ಯಂತ್ರದ್ದು. ಆದರೆ ಯಂತ್ರದ ಯಾವ ಭಾಗದ್ದು?

ಮರುದಿನ ಅಕ್ಕಸಾಲಿಗರು ಬಳಸುವಂಥ ಒಂದು ಚಿಕ್ಕ ಡಿಜಿಟಲ್ ತಕ್ಕಡಿ ತಂದೆ. ಸೂಜಿಯನ್ನು ಅದರ ಮೇಲೆ ಇಳಿಸಿದರೆ 1.4 ಗ್ರಾಂ. ಈ ಕಾರ್ಟ್ರಿಜ್‌ಗೆ ಬೇಕಾದದ್ದು 2 ಗ್ರಾಂ. ತಪ್ಪು ಬೇರೆ ಯಾರದೂ ಅಲ್ಲ. ಭಾರ ಹೆಚ್ಚಾದರೆ ತಟ್ಟೆ ಸವೆಯುತ್ತದೆ ಎಂಬ ಭಯದಲ್ಲಿ ನಾನೇ ತೋಳಿನ ಹಿಂತುದಿಯ ತೂಕದ ಗುಂಡನ್ನು ತಿರುಗಿಸುತ್ತ ತಿರುಗಿಸುತ್ತ ಹಗುರ ಮಾಡಿದ್ದೆ. ಹಗುರವಾದ ಸೂಜಿ ಜೋರಾದ ಸ್ವರಗಳಲ್ಲಿ ಗೀರಿನ ಗೋಡೆಯಿಂದ ಜಿಗಿದು ಮತ್ತೆ ಬಂದು ಬಡಿಯುತ್ತದೆ. ಕಾಪಾಡಲು ಹೋಗಿ ಕೆಡಿಸುತ್ತಿದ್ದೆ.

ಆಮೇಲೆ ಕಾರ್ಟ್ರಿಜ್‌ನ ಕೋನ. ತೋಳು ಕಮಾನಿನಂತೆ ಚಲಿಸುವುದರಿಂದ ಸೂಜಿ ಗೀರಿಗೆ ಸರಿಯಾಗಿ ನೇರ ಕೂರುವುದು ಎರಡೇ ಬಿಂದುಗಳಲ್ಲಿ. ಬೇರ್‌ವಾಲ್ಡ್ ಎಂಬವರ ಲೆಕ್ಕದಲ್ಲಿ ಅವು ತಟ್ಟೆಯ ನಡುವಿನಿಂದ 66 ಮತ್ತು 121 ಮಿಲಿಮೀಟರ್ ದೂರದಲ್ಲಿವೆ. ಆ ಬಿಂದುಗಳನ್ನು ಗುರುತು ಹಾಕಿದ ಅಳತೆಯ ಹಾಳೆಯನ್ನು ಝೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಂಡು ಬಂದು ಒಂದು ಸಂಜೆ ಪೂರ್ತಿ ಹೆಣಗಿದೆ, ಹೊಂದಲೇ ಇಲ್ಲ. ಕೊನೆಗೆ ಮಗಳ ಸ್ಕೇಲ್ ಇಟ್ಟು ನೋಡಿದರೆ ಹಾಳೆಯ 100 ಮಿಲಿಮೀಟರ್ ಗೆರೆ 96 ಮಾತ್ರ ಇತ್ತು! ಪ್ರಿಂಟರ್ ಹಾಳೆಗೆ ಹೊಂದುವಂತೆ ಕುಗ್ಗಿಸಿತ್ತು. ಸರಿಯಾದ ಹಾಳೆ ಬಂದ ಮೇಲೆ ನೋಡಿದರೆ ಕಾರ್ಟ್ರಿಜ್ ಮೂರು ಮಿಲಿಮೀಟರಿನಷ್ಟು ಹಿಂದಿತ್ತು. ಎರಡು ತಿರುಪು ಸಡಿಲಿಸಿ, ಉಸಿರು ಬಿಗಿಹಿಡಿದು ಮುಂದೆ ಸರಿಸಿದೆ. ಹೊಸ ತಟ್ಟೆಯ ದ್ರುತ ಆ ರಾತ್ರಿ ಹೆಚ್ಚು ಕಡಿಮೆ ಸರಿಯಾಯಿತು.

ವೇಗದ ಪರೀಕ್ಷೆಗೆ ಸ್ಟ್ರೋಬ್ ಬಿಲ್ಲೆ, ಅಂದರೆ ಸುತ್ತಲೂ 180 ಗೆರೆ ಬರೆದ ಬಿಲ್ಲೆ, ತಟ್ಟೆಯ ಜಾಗದಲ್ಲಿ ಇಡಬೇಕು. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ದೀಪ ಸೆಕೆಂಡಿಗೆ ನೂರು ಸಲ ಮಿನುಗುತ್ತದೆ, ವೇಗ ಸರಿಯಿದ್ದರೆ ಗೆರೆಗಳು ನಿಂತಂತೆ ಕಾಣುತ್ತವೆ. ಮನೆಯ ಎಲ್‌ಇಡಿ ಬಲ್ಬಿನಲ್ಲಿ ಏನೂ ಕಾಣಲಿಲ್ಲ. ಅಟ್ಟದಿಂದ ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್ ಇಳಿಸಬೇಕಾಯಿತು. ಅದರ ಬೆಳಕಿನಲ್ಲಿ ಗೆರೆಗಳು ಸೆಕೆಂಡಿಗೆ ಒಂದರಂತೆ ಹಿಂದೆ ಸರಿಯುತ್ತಿದ್ದವು. ಅಂದರೆ ವೇಗ ಶೇಕಡ ಒಂದರಷ್ಟು ಕಡಿಮೆ. ಬೆಲ್ಟ್ ಜೋತುಬಿದ್ದಿತ್ತು, ಬದಲಾಯಿಸಿದೆ. ಈ ವಿಷಯದಲ್ಲಿ ತಂಬೂರಿಗಿಂತ ಕಠಿಣ ಪರೀಕ್ಷಕರಿಲ್ಲ. ಆದರೆ ತಂಬೂರಿಯ ಶ್ರುತಿ 1.8 ಸೆಕೆಂಡಿಗೊಮ್ಮೆ, ಅಂದರೆ ಸುತ್ತಿಗೊಮ್ಮೆ ಏರಿಳಿದರೆ ಟರ್ನ್‌ಟೇಬಲನ್ನು ಬೈಯುವ ಮುನ್ನ ಬೇರೆ ತಟ್ಟೆ ಹಾಕಿ ನೋಡಬೇಕು. ಬಹಳಷ್ಟು ಸಲ ನಡುವಿನ ತೂತೇ ಪಕ್ಕಕ್ಕಿರುತ್ತದೆ.

ಇಷ್ಟಾದ ಮೇಲೆ ಹಣ ಖರ್ಚು ಮಾಡಿದ್ದು ಸೂಜಿಗೆ. ವಿಎಂ95 ಸರಣಿಯಲ್ಲಿ ಕಾರ್ಟ್ರಿಜ್‌ನ ಒಡಲು ಒಂದೇ, ಸೂಜಿಯನ್ನಷ್ಟೇ ಎಳೆದು ಬೇರೆಯದನ್ನು ಸಿಕ್ಕಿಸಬಹುದು. ನನ್ನದರ ಅಂಡಾಕಾರದ ತುದಿಗೆ ಕಂಪನಿಯೇ ಹೇಳುವ ಆಯಸ್ಸು 300 ಗಂಟೆ, ಇನ್ನೂ ಸೂಕ್ಷ್ಮವಾಗಿ ಕಡೆದ ಮೈಕ್ರೋಲೀನಿಯರ್ ತುದಿಗೆ 1000. ಬೆಲೆ ಹೆಚ್ಚೇ, ಆದರೆ ಗಂಟೆಯ ಲೆಕ್ಕ ಹಾಕಿದರೆ ಅಷ್ಟೇನೂ ಕಣ್ಣು ಕುಕ್ಕುವುದಿಲ್ಲ. ಅದರ ಚೂಪು ಅಂಚು ಒಳಸುತ್ತಿನ ಕಿರಿದಾದ ತಿರುವುಗಳಲ್ಲೂ ಇಳಿಯುತ್ತದೆ. ತಂದೆಯವರ ಕೆಲವು ತಟ್ಟೆಗಳಲ್ಲಿ ಹಳೆಯ ಸೂಜಿ ಸವೆಸದ ಜಾಗ ಅದಕ್ಕೆ ಸಿಕ್ಕಿತು, ದನಿ ಎಷ್ಟೋ ಚೇತರಿಸಿಕೊಂಡಿತು. ಇನ್ನು ಕೆಲವು ಮೊದಲಿಗಿಂತ ಹೆಚ್ಚು ಚಟಪಟ ಎಂದವು. ಅವನ್ನು ಶುದ್ಧೀಕರಿಸಿದ ನೀರಿಗೆ ಸ್ವಲ್ಪ ಐಸೋಪ್ರೊಪೈಲ್ ಆಲ್ಕೋಹಾಲ್ ಬೆರೆಸಿ ತೊಳೆದೆ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ತಟ್ಟೆಗಳಿಗೆ ಮಾತ್ರ ಆ ಮಿಶ್ರಣ ತಾಗಿಸಬಾರದು, ಅವು ಅರಗಿನವು, ಕರಗುತ್ತವೆ. ಅವಕ್ಕೆ ದಪ್ಪ ತುದಿಯ ಸೂಜಿಯೇ ಬೇರೆ ಬೇಕು. ಅದು ಮುಂದಿನ ವರ್ಷದ ಜಗಳ.

ತೋಳಿನ ಬೇರಿಂಗ್ ಅಲುಗಾಡಿದ್ದರೆ, ಹಾಡು ಶುರುವಾಗುವ ಮುನ್ನಿನ ಮೌನದಲ್ಲಿ ಮೋಟಾರಿನ ಗುಡುಗು ಕೇಳಿದ್ದರೆ ನಾನೂ ಹೊಸ ಟರ್ನ್‌ಟೇಬಲ್ ತರುತ್ತಿದ್ದೆ. ಎರಡೂ ಇರಲಿಲ್ಲ. ಗ್ರಾನೈಟ್ ಬಂತು.

ಮನ್ಸೂರರ ಆ ಹಳೆಯ ತಟ್ಟೆ ಈಗಲೂ ಕೊನೆಯ ಎರಡು ನಿಮಿಷ ಒಡೆಯುತ್ತದೆ. ಕಾರಣ ಮೊನ್ನೆ ಹೊಳೆಯಿತು. ತಂದೆಯವರ ಪ್ಲೇಯರ್ ಹಾಡು ಹಾರಿಸಲು ಶುರುಮಾಡಿದಾಗ ಅವರು ತೋಳಿನ ತಲೆಯ ಮೇಲೆ ನಾಲ್ಕಾಣೆಯ ನಾಣ್ಯ ಇಡುತ್ತಿದ್ದರು. ಅಂಥದೊಂದು ನಾಣ್ಯ ಅವರ ಮೇಜಿನ ಖಾನೆಯಲ್ಲಿ ಸಿಕ್ಕಿತು. ತಕ್ಕಡಿಯ ಮೇಲಿಟ್ಟೆ. 2.5 ಗ್ರಾಂ.