ಕೆಲಸ ಮಾಡುತ್ತಲೇ ಪಿಆರ್‌ನಲ್ಲಿ ಎಂಎ: ನನ್ನ ಅನುಭವ

ಪ್ರೆಸ್ ನೋಟ್ ಬರೆಯುವ ಕೆಲಸದಲ್ಲಿ ಕೆಲವು ವರ್ಷ ಕಳೆದ ಮೇಲೆ ನಾನು ಸಾರ್ವಜನಿಕ ಸಂಪರ್ಕ (ಪಿಆರ್) ಮತ್ತು ವೃತ್ತಿಪರ ಸಂವಹನದ ಸ್ನಾತಕೋತ್ತರ ಕೋರ್ಸ್ ಸೇರಿದೆ. ಹಗಲು ಕೆಲಸ, ಸಂಜೆ ಕ್ಲಾಸು. ಬರವಣಿಗೆ ಇನ್ನಷ್ಟು ಚುರುಕಾಗಲಿ ಅಂತ ಹೋದವನು ನಾನು. ಕೊನೆಗೆ ಜಾಸ್ತಿ ಕಲಿತದ್ದು ಜನರನ್ನು ಕೇಳುವುದು ಹೇಗೆ, ಬಂದ ಉತ್ತರವನ್ನು ಅಳೆಯುವುದು ಹೇಗೆ ಅನ್ನೋದನ್ನ.

ಥಿಯರಿ ಪೇಪರು ಕಷ್ಟವಾಗಲಿಲ್ಲ. ಗ್ರುನಿಗ್ ಮತ್ತು ಹಂಟ್ ಎಂಬ ವಿದ್ವಾಂಸರು 1984ರಲ್ಲಿ ಹೇಳಿದ ಪಿಆರ್‌ನ ನಾಲ್ಕು ಮಾದರಿಗಳನ್ನು ಎಲ್ಲರೂ ಓದುತ್ತಾರೆ: ಬರೀ ಪ್ರಚಾರ, ಮಾಹಿತಿ ಕೊಡುವುದು, ಜನರನ್ನು ಅರಿತು ಒಲಿಸುವುದು, ಎರಡೂ ಕಡೆಯವರು ಬದಲಾಗಲು ತಯಾರಿರುವ ಮಾತುಕತೆ. ನಾಲ್ಕನೆಯದು ಕಾಗದದ ಮೇಲೆ ಬಹಳ ಚೆನ್ನಾಗಿದೆ. ಆದರೆ ಸಂಬಳ ಬರುವುದು ಒಂದೇ ಕಡೆಯಿಂದ ಅಲ್ವಾ?

ಬಿಕ್ಕಟ್ಟು ನಿರ್ವಹಣೆಯ ಪಾಠದಲ್ಲಿ ಟೈಲೆನಾಲ್ ಅನ್ನೋ ನೋವಿನ ಮಾತ್ರೆಯ 1982ರ ಪ್ರಕರಣ ತಪ್ಪದೆ ಬರುತ್ತದೆ. ಶಿಕಾಗೋ ಸುತ್ತಮುತ್ತ ಯಾರೋ ಮಾತ್ರೆಗಳಿಗೆ ಸಯನೈಡ್ ಬೆರೆಸಿ 7 ಜನ ಸತ್ತರು. ಆ ಮಾತ್ರೆಯ ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಸುಮಾರು 3.1 ಕೋಟಿ ಬಾಟಲಿಗಳನ್ನು ವಾಪಸ್ ಪಡೆಯಿತು. ಇದನ್ನೇ ಎಲ್ಲದಕ್ಕೂ ಮಾದರಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬಿಕ್ಕಟ್ಟು ಸಂವಹನದ ಸಂಶೋಧಕ ಟಿಮೊತಿ ಕೂಂಬ್ಸ್ ಅವರ ವಿಂಗಡಣೆಯಲ್ಲಿ ಬಿಕ್ಕಟ್ಟುಗಳು ಸಂಸ್ಥೆಯೇ ಬಲಿಪಶುವಾದದ್ದು, ಆಕಸ್ಮಿಕ, ತಡೆಯಬಹುದಾಗಿದ್ದದ್ದು ಅಂತ ಮೂರು ಗುಂಪು. ಹೊರಗಿನವರು ವಿಷ ಬೆರೆಸಿದ್ದು ಮೊದಲನೆಯದಕ್ಕೆ ಸೇರುತ್ತದೆ. ನಮ್ಮಂಥವರ ಮೇಜಿಗೆ ಬರುವ ತಲೆನೋವು ಹೆಚ್ಚಾಗಿ ಮೂರನೆಯದು. ಅಲ್ಲಿ ಕ್ಷಮೆ, ಪರಿಹಾರ ಇಲ್ಲದೆ ಮಾತು ಮುಂದಕ್ಕೇ ಹೋಗುವುದಿಲ್ಲ.

ಬೆವರಿಳಿಸಿದ್ದು ಸಂಶೋಧನಾ ವಿಧಾನದ ಪೇಪರು. 'ನಮ್ಮ ಸುದ್ದಿಪತ್ರ ಉಪಯುಕ್ತವೂ ಓದಲು ಸುಲಭವೂ ಆಗಿದೆಯೇ?' ಅಂತ ಕೇಳಿದರೆ ಬರುವ 'ಹೌದು' ಯಾವುದಕ್ಕೆ? ಇಂಥ ಜೋಡಿ ಪ್ರಶ್ನೆಗಳನ್ನು ಹುಡುಕಿ ಒಡೆಯುವ ಅಭ್ಯಾಸ ಅಲ್ಲಿ ಬಂತು, ಇನ್ನೂ ಬಿಟ್ಟಿಲ್ಲ. ಅಳತೆಯ ವಿಷಯವೂ ಅಷ್ಟೇ. ಪತ್ರಿಕೆಯಲ್ಲಿ ಬಂದ ಸುದ್ದಿಯ ಜಾಗಕ್ಕೆ ಜಾಹೀರಾತು ದರ ಕಟ್ಟಿ 'ಇಷ್ಟು ಲಾಭ' ಅಂತ ವರದಿ ಕೊಡುವುದು ಹಳೆಯ ಪದ್ಧತಿ. ಆ ಲೆಕ್ಕ ಸಾರ್ವಜನಿಕ ಸಂಪರ್ಕದ ಮೌಲ್ಯವಲ್ಲ ಅಂತ 2010ರ ಬಾರ್ಸಿಲೋನಾ ತತ್ವಗಳು, ಅಂದರೆ ಪಿಆರ್ ಕೆಲಸವನ್ನು ಅಳೆಯಲು ಈ ಕ್ಷೇತ್ರದವರು ಒಪ್ಪಿಕೊಂಡ ಸೂತ್ರಗಳು, ನೇರವಾಗಿ ಹೇಳಿವೆ. ಆದರೂ ಬಾಸ್‌ಗಳಿಗೆ ಆ ಅಂಕಿಯೇ ಇಷ್ಟ. ನಾನು ಅದರ ಮೇಲೆ ಇನ್ನೊಂದು ಸಾಲು ಸೇರಿಸತೊಡಗಿದೆ: ಸುದ್ದಿ ಓದಿದವರು ಆಮೇಲೆ ಏನು ಮಾಡಿದರು? ಫೋನ್ ಮಾಡಿದರಾ, ಹೆಸರು ನೋಂದಾಯಿಸಿದರಾ? ಕ್ರಮೇಣ ಮೀಟಿಂಗ್‌ನಲ್ಲಿ ಪ್ರಶ್ನೆ ಬರುತ್ತಿದ್ದುದು ಆ ಸಾಲಿನ ಬಗ್ಗೆ.

ಕೊನೆಗೆ ಪ್ರಬಂಧ ಅಥವಾ ಪ್ರಾಜೆಕ್ಟ್, ಎರಡರಲ್ಲಿ ಒಂದು ಆರಿಸಬೇಕಿತ್ತು. ಪಿಎಚ್‌ಡಿ ಯೋಚನೆ ಇರುವವರಿಗೆ ಪ್ರಬಂಧವೇ ಸರಿ. ನನಗಿರಲಿಲ್ಲ, ಪ್ರಾಜೆಕ್ಟ್ ತೆಗೆದುಕೊಂಡೆ. ಒಂದು ಸಂಸ್ಥೆಯವರು ತಮ್ಮ ಒಳಗಿನ ಸುದ್ದಿಪತ್ರಕ್ಕೆ ಹೊಸ ವಿನ್ಯಾಸ ಕೇಳಿದ್ದರು. ಬಣ್ಣ, ಅಕ್ಷರ ಮುಟ್ಟುವ ಮುಂಚೆ ನಾನು ಸಿಬ್ಬಂದಿಯ ಜೊತೆ ಕೂತೆ. 'ಸುದ್ದಿಪತ್ರ ಹೇಗಿದೆ' ಅಂತ ಕೇಳಲಿಲ್ಲ. 'ರಜೆ ನಿಯಮ ಬದಲಾದದ್ದು ನಿಮಗೆ ಮೊದಲು ಗೊತ್ತಾದದ್ದು ಹೇಗೆ?' ಅಂತ ಕೇಳಿದೆ. ಹೆಚ್ಚಿನವರ ಉತ್ತರ ಒಂದೇ: ಸೂಪರ್‌ವೈಸರ್ ಹೇಳಿದರು, ಇಲ್ಲವೇ ಪಕ್ಕದವರು. ಸೂಪರ್‌ವೈಸರ್‌ಗಳನ್ನು ಕೇಳಿದರೆ, ಅವರಿಗೂ ಮೇಲಿನಿಂದ ಮುಂಚೆ ಏನೂ ಬರುತ್ತಿರಲಿಲ್ಲ. ಸುಮ್ನೆ ಊಹೆ ಮಾಡಿ ಹೇಳುತ್ತಿದ್ದರು.

ಹಾಗಾಗಿ ನನ್ನ ಸಲಹೆಯಲ್ಲಿ ವಿನ್ಯಾಸವೇ ಇರಲಿಲ್ಲ. ಯಾವುದೇ ಬದಲಾವಣೆ ಎಲ್ಲರಿಗೂ ತಿಳಿಯುವ ಮುಂಚೆ ಸೂಪರ್‌ವೈಸರ್ ಕೈಗೆ ಒಂದು ಪುಟ ಸಿಗಬೇಕು. ಏನು ಬದಲಾಯಿತು, ಯಾಕೆ, ಯಾರಿಗೆ ಅನ್ವಯ, ಜನ ಕೇಳಬಹುದಾದ ಪ್ರಶ್ನೆಗಳೇನು, ಅಷ್ಟೇ. ಸಂಸ್ಥೆಯವರಿಗೆ ಮೊದಲು ನಿರಾಸೆಯಾಯಿತು, ಚಂದದ ಪುಟಗಳ ನಿರೀಕ್ಷೆಯಲ್ಲಿದ್ದರು. ಸಿಬ್ಬಂದಿಯ ಮಾತುಗಳನ್ನು ಹೆಸರಿಲ್ಲದೆ ಅವರ ಮುಂದಿಟ್ಟ ಮೇಲೆ ಒಂದು ವಿಭಾಗದಲ್ಲಿ ಪ್ರಯೋಗಕ್ಕೆ ಒಪ್ಪಿದರು.

ಪ್ರಾಜೆಕ್ಟ್ ಮಾಡುವವರಿಗೆ ಒಂದು ಮಾತು. ಕೆಲಸವನ್ನು ಆಮೇಲೆ ಬೇರೆಯವರಿಗೆ ತೋರಿಸಲು ಒಪ್ಪಿಗೆಯನ್ನು ಶುರುವಿನಲ್ಲೇ ಬರವಣಿಗೆಯಲ್ಲಿ ತೆಗೆದುಕೊಳ್ಳಿ, ಯಾವ ಭಾಗ ಗುಟ್ಟಾಗಿರಬೇಕು ಅನ್ನೋದನ್ನೂ ಅದರಲ್ಲೇ ಬರೆಸಿ. ಮುಂದಿನ ಕೆಲಸದ ಸಂದರ್ಶನದಲ್ಲಿ ನಾನು ಮೇಜಿನ ಮೇಲಿಟ್ಟದ್ದು ಆ ಒಂದು ಪುಟದ ಮಾದರಿಯನ್ನೇ, ಸಂಸ್ಥೆಯ ಹೆಸರು ತೆಗೆದು.