ಮಾಜಿ ಅಧ್ಯಕ್ಷರ ನಿಧನವಾರ್ತೆಯನ್ನು ಓದುವ ಬಗೆ: ಜಿಮ್ಮಿ ಕಾರ್ಟರ್ ಉದಾಹರಣೆ

ಅಮೆರಿಕದ 39ನೇ ಅಧ್ಯಕ್ಷ ಜಿಮ್ಮಿ ಕಾರ್ಟರ್, ನೂರು ವರ್ಷ ತುಂಬಿ ಮೂರು ತಿಂಗಳಾಗುವ ಹೊತ್ತಿಗೆ, 2024ರ ಡಿಸೆಂಬರ್ 29ರಂದು ಜಾರ್ಜಿಯಾ ರಾಜ್ಯದ ಪ್ಲೇನ್ಸ್ ಎಂಬ ತಮ್ಮ ಹುಟ್ಟೂರಿನಲ್ಲಿ ತೀರಿಕೊಂಡರು. ಬೇರೆ ಬೇರೆ ದೇಶಗಳ ಪತ್ರಿಕೆಗಳು ಅವರನ್ನು ನೆನೆದ ಬಗೆಯನ್ನು ಅರಿಯಬೇಕೆನ್ನುವವರು, ವರದಿ ಯಾವ ಊರಿನದು, ಯಾವ ಓದುಗರಿಗಾಗಿ ಬರೆದದ್ದು ಎಂಬುದನ್ನು ಮೊದಲು ನೋಡಬೇಕು. ಕಾರ್ಟರ್ ನಮಗೇನು ಮಾಡಿದರು ಎಂಬ ನೆನಪಿನಿಂದಲೇ ಪ್ರತಿಯೊಂದು ದೇಶವೂ ಅವರ ಬದುಕನ್ನು ಹೇಳತೊಡಗುತ್ತದೆ.

ಇದಕ್ಕೆ ಅವರ ಒಂದು ಪ್ರವಾಸವನ್ನೇ ತೆಗೆದುಕೊಳ್ಳಿ. 1977ರ ಡಿಸೆಂಬರ್ 31ರ ರಾತ್ರಿ ಟೆಹರಾನ್‌ನ ಔತಣಕೂಟದಲ್ಲಿ ಕಾರ್ಟರ್, ಅಲ್ಲಿನ ದೊರೆ ಷಾ ಅವರ ಇರಾನನ್ನು ಸ್ಥಿರತೆಯ ದ್ವೀಪವೆಂದು ಹೊಗಳಿದರು. ಮರುದಿನ ದೆಹಲಿಗೆ ಬಂದಿಳಿದು, ಜನವರಿ 3ರಂದು ಹರಿಯಾಣದ ದೌಲತ್‌ಪುರ ನಸೀರಾಬಾದ್ ಗ್ರಾಮಕ್ಕೆ ಹೋದರು. ಆ ಊರು ಅಂದಿನಿಂದ ಕಾರ್ಟರ್‌ಪುರಿ ಎನಿಸಿಕೊಂಡಿತು. ಇರಾನಿನ ಇತಿಹಾಸವನ್ನು ಬಲ್ಲವರಿಗೆ ಆ ಔತಣದ ಮಾತು ಇಂದಿಗೂ ಚುಚ್ಚುತ್ತದೆ, ಏಕೆಂದರೆ ಷಾ ಒಂದು ವರ್ಷ ಕಳೆಯುತ್ತಲೇ ದೇಶ ಬಿಟ್ಟು ಹೋಗಬೇಕಾಯಿತು. ನಮ್ಮ ವರದಿಗಳಿಗೆ ಕಾರ್ಟರ್‌ಪುರಿಯೂ, ಮುಂಬಯಿಯ ವಿಕ್ರೋಲಿಯಲ್ಲಿ ದಾದಿಯಾಗಿ ದುಡಿದ ಅವರ ತಾಯಿ ಲಿಲಿಯನ್ ಅವರೂ ಆಪ್ತವಾದ ವಿಷಯಗಳು. ಆದರೆ ಅದೇ ಭಾರತ ಭೇಟಿಯಲ್ಲಿ, ಅಣುನೀತಿಯ ಬಗ್ಗೆ ಅಂದಿನ ಪ್ರಧಾನಿ ಮೊರಾರ್ಜಿ ದೇಸಾಯಿ ಅವರಿಗೆ ನಿಷ್ಠುರವಾದ ಪತ್ರ ಬರೆಯಬೇಕೆಂದು ಕಾರ್ಟರ್ ತಮ್ಮ ವಿದೇಶಾಂಗ ಸಚಿವ ವಾನ್ಸ್ ಅವರಿಗೆ ಹೇಳಿದ ಮಾತು ಮೈಕಿನಲ್ಲಿ ಕೇಳಿಬಂದಿತ್ತು. ನೀವು ಓದುತ್ತಿರುವ ವರದಿಯಲ್ಲಿ ಈ ಪ್ರಸಂಗ ಇದೆಯೇ ಎಂದು ಹುಡುಕಿ; ಬಿಟ್ಟುಹೋದದ್ದೂ ನೆನಪಿನ ಸ್ವರೂಪವನ್ನು ತಿಳಿಸುತ್ತದೆ.

ಬಳಿಕ ಸಾವಿನ ದಿನಾಂಕದ ಆಸುಪಾಸನ್ನು ಗಮನಿಸಿ. ಕಾರ್ಟರ್ 1977ರಲ್ಲಿ ಸಹಿ ಹಾಕಿದ ಒಪ್ಪಂದದಂತೆ ಪನಾಮಾ ಕಾಲುವೆ ಆ ದೇಶದ ವಶಕ್ಕೆ ಬಂದು ಇಪ್ಪತ್ತೈದು ವರ್ಷ ತುಂಬಲು ಎರಡೇ ದಿನ ಉಳಿದಿತ್ತು, ಮತ್ತು ಅದೇ ತಿಂಗಳು ಟ್ರಂಪ್ ಕಾಲುವೆಯನ್ನು ಮರಳಿ ಪಡೆಯುವ ಮಾತಾಡಿದ್ದರು. ಹೀಗಾಗಿ ಹಳೆಯ ಒಪ್ಪಂದವೊಂದು ಅಂದಿನ ತಾಜಾ ಸುದ್ದಿಯೂ ಆಯಿತು.

ದೊಡ್ಡ ಪತ್ರಿಕೆಗಳು ಇಂಥವರ ನಿಧನವಾರ್ತೆಯನ್ನು ಬಹಳ ಮೊದಲೇ ಬರೆದಿಟ್ಟಿರುತ್ತವೆ. ಕಾರ್ಟರ್ 2023ರ ಫೆಬ್ರವರಿಯಿಂದಲೇ ಮನೆಯಲ್ಲಿ ಅಂತಿಮ ಹಂತದ ಆರೈಕೆಯಲ್ಲಿದ್ದರು. ಆದುದರಿಂದ ನಿಧಾನವಾಗಿ ತೂಗಿ ಬರೆದ ಜೀವನಕಥನವನ್ನು, ಆ ದಿನ ಸೇರಿಸಿದ ನಾಯಕರ ಸಂತಾಪದ ಮಾತುಗಳಿಂದ ಬೇರ್ಪಡಿಸಿ ಓದಿ.

ಇನ್ನು, ‘ವಿಫಲ ಅಧ್ಯಕ್ಷ, ಶ್ರೇಷ್ಠ ಮಾಜಿ ಅಧ್ಯಕ್ಷ’ ಎಂಬ ಸಿದ್ಧ ಚೌಕಟ್ಟನ್ನು ಕಂಡಲ್ಲಿ ತಡೆದು ನಿಲ್ಲಿ. ಟೆಹರಾನ್‌ನಲ್ಲಿ 52 ಮಂದಿ ಅಮೆರಿಕನ್ನರು 444 ದಿನ ಒತ್ತೆಯಾಳಾಗಿದ್ದುದು ನಿಜ. ಆದರೆ 1978ರ ಕ್ಯಾಂಪ್ ಡೇವಿಡ್ ಮಾತುಕತೆ, ಅದರಿಂದ ಮುಂದಿನ ವರ್ಷ ಮೂಡಿದ ಈಜಿಪ್ಟ್–ಇಸ್ರೇಲ್ ಶಾಂತಿ ಒಪ್ಪಂದ, ಚೀನಾದೊಡನೆ ಪೂರ್ಣ ರಾಜತಾಂತ್ರಿಕ ಸಂಬಂಧ ಎಲ್ಲವೂ ಅದೇ ನಾಲ್ಕು ವರ್ಷಗಳವು. ಈ ಚೌಕಟ್ಟು ಬರೆಯುವವರಿಗೆ ಅನುಕೂಲಕರ, ಕಾರ್ಟರ್ ಅವರಿಗೆ ಅನ್ಯಾಯ ಎಂಬುದು ನನ್ನ ದೃಢ ಅಭಿಪ್ರಾಯ.

ಕೊನೆಯದಾಗಿ, ಕನ್ನಡದಲ್ಲಿ ಬರೆಯುವವರು, ಮಾಜಿ ಅಧ್ಯಕ್ಷರಾಗಿ ಕಾರ್ಟರ್ ಹೋರಾಡಿದ ರೋಗವನ್ನು ‘ಗಿನಿ ವರ್ಮ್’ ಎಂದಷ್ಟೇ ಬರೆದು ಮುಂದೆ ಸಾಗಬಾರದು. ಅದು ನಮ್ಮ ಹಿರಿಯರು ಬಲ್ಲ ನಾರುಹುಣ್ಣು; ಬಾವಿ, ಕೆರೆಯ ನೀರು ಕುಡಿದವರ ಕಾಲಿನಿಂದ ಹೊರಬರುವ ಹುಳುವನ್ನು ಕಡ್ಡಿಗೆ ಸುತ್ತಿ, ತುಂಡಾಗದಂತೆ ದಿನಕ್ಕಿಷ್ಟಿಷ್ಟೇ ಎಳೆಯಬೇಕಾಗಿತ್ತು. 1986ರಲ್ಲಿ ಜಗತ್ತಿನಲ್ಲಿ ಸುಮಾರು 35 ಲಕ್ಷ ಜನರಿಗಿದ್ದ ಈ ರೋಗ, ಅವರು ಸ್ಥಾಪಿಸಿದ ಕಾರ್ಟರ್ ಕೇಂದ್ರ ಎಂಬ ಸಂಸ್ಥೆ ಮುಂದಾಳಾಗಿ ನಡೆಸಿದ ಅಭಿಯಾನದ ಫಲವಾಗಿ 2023ರಲ್ಲಿ 14 ಜನರಿಗಷ್ಟೇ ತಗುಲಿತ್ತು. ಆದರೆ ಕರ್ನಾಟಕವೂ ಸೇರಿದಂತೆ ಭಾರತದ ಪೀಡಿತ ರಾಜ್ಯಗಳಲ್ಲಿ ಅದನ್ನು ಅಳಿಸಲು ನಮ್ಮದೇ ರಾಷ್ಟ್ರೀಯ ಕಾರ್ಯಕ್ರಮ ಅದಕ್ಕೂ ಮೊದಲೇ ಆರಂಭವಾಗಿತ್ತು. 2000ದಲ್ಲಿ ದೇಶ ರೋಗಮುಕ್ತವೆನಿಸಿದ ಶ್ರೇಯಸ್ಸನ್ನು ಬರೆಯುವಾಗ ಇಲ್ಲಿನ ಆರೋಗ್ಯ ಕಾರ್ಯಕರ್ತರ ಹೆಸರಿನಲ್ಲೇ ಬರೆಯಿರಿ.